ಒಂದೇ ತಾಯಿಯ ಮರಿಗಳು

ಕಾರ್ಕಳದ ಬಂಡೆಗಳ ನಡುವಿನ ಹುಲ್ಲಿನಲ್ಲಿ ಸಿಗುವ ಉದ್ದ ರೆಕ್ಕೆಯ ಜಿಗಿಹುಳುವನ್ನು ಹೊಸ ಜಾತಿಯೆಂದು ಗುರುತಿಸಿ ಹೆಸರಿಟ್ಟವರು ಪ್ರೊಫೆಸರ್ ತಾರಾನಾಥರು. ಕಾಪುವಿನ ಗದ್ದೆಬದಿಯ ಗಿಡ್ಡ ರೆಕ್ಕೆಯ ಹುಳು, ಅವರ ಪ್ರಕಾರ, ಮೊದಲೇ ಗೊತ್ತಿದ್ದ ಬೇರೆ ಜಾತಿ. ಅವರ ವಿದ್ಯಾರ್ಥಿನಿ ಮೋಕ್ಷಾ ಇದನ್ನು ಒಪ್ಪಲಿಲ್ಲ. ಜಿಗಿಹುಳುಗಳಲ್ಲಿ ಜಾತಿಯನ್ನು ತೀರ್ಮಾನಿಸುವುದು ಗಂಡಿನ ಜನನಾಂಗದ ಆಕಾರ. ಸೂಕ್ಷ್ಮದರ್ಶಕದಲ್ಲಿ ಅದು ಎರಡರಲ್ಲೂ ಒಂದೇ ಆಗಿತ್ತು.

ಅವಳು ಕಾಪುವಿನಿಂದ ಗಿಡ್ಡ ರೆಕ್ಕೆಯ ಒಂದು ತಾಯಿಹುಳುವನ್ನು ತಂದು, ಮಣಿಪಾಲದ ಬಾಡಿಗೆ ಕೋಣೆಯ ಬಾಲ್ಕನಿಯಲ್ಲಿ, ಸೊಳ್ಳೆಪರದೆ ಕಟ್ಟಿದ ಹುಲ್ಲಿನ ಕುಂಡದಲ್ಲಿ ಸಾಕಿದಳು. ಮರಿಗಳು ಹೆಚ್ಚಿ ಹುಲ್ಲು ಒಣಗತೊಡಗಿದಾಗ ಕೆಲವಕ್ಕೆ ಉದ್ದ ರೆಕ್ಕೆ ಬಂತು. ಮೇವು ಮುಗಿದರೆ ಹಾರಿಹೋಗಬೇಕಲ್ಲ! ಮೋಕ್ಷಾ ಕುಂಡವನ್ನು ಎತ್ತಿಕೊಂಡೇ ಉಡುಪಿಯ ತಾರಾನಾಥರ ಮನೆಗೆ ಹೋದಳು.

"ಸರ್, ಎರಡೂ ಒಂದೇ ಜಾತಿ. ಹಳೆಯ ಹೆಸರು ಇರುವಾಗ ನೀವಿಟ್ಟ ಹೆಸರು ನಿಲ್ಲುವುದಿಲ್ಲ."

"ಹೊರಗಿನಿಂದ ಬೇರೆ ಹುಳು ನುಗ್ಗಿದ್ದರೆ?"

"ಇಲ್ಲ ಸರ್. ಕೋಣೆಯಲ್ಲಿ ಇನ್ನೊಂದು ಕುಂಡ ಉಂಟು. ಅದರಲ್ಲಿ ಕಾರ್ಕಳದ ಉದ್ದ ರೆಕ್ಕೆಯ ತಾಯಿಗೆ ಗಿಡ್ಡ ರೆಕ್ಕೆಯ ಮರಿಗಳಾಗಿವೆ. ಅವು ಹೊರಗಿನಿಂದ ಹಾರಿ ಬರಲಾರವಲ್ಲ."

ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೋಕ್ಷಾಳಿಗೆ ಅಳುಕಿರಲಿಲ್ಲ.

"ಕಾರ್ಕಳದ ಹುಳುವಿಗೆ ನನ್ನ ಅಮ್ಮನ ಹೆಸರು ಇಟ್ಟಿದ್ದೆ, ಮಾರಾಯ್ತಿ," ಎಂದರು ಕೊನೆಗೆ.

ಅವಳಿಗೆ ಅದು ಗೊತ್ತಿರಲಿಲ್ಲ. ಆದರೂ ಹೇಳಿದ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ.

"ಬರೆ," ಎಂದರು ತಾರಾನಾಥರು. "ಆ ಹೆಸರನ್ನು ಕೈಬಿಡಬೇಕೆಂದು ಸ್ಪಷ್ಟವಾಗಿಯೇ ಬರೆ. ನಾನೂ ಜೊತೆಗೆ ಸೇರುತ್ತೇನೆ. ಬೇರೆ ಯಾರೋ ಹೇಳುವುದಕ್ಕಿಂತ ನಾವೇ ಹೇಳುವುದು ಒಳ್ಳೆಯದು, ಅಲ್ವಾ?"

ಲೇಖನ ಪ್ರಕಟವಾದಾಗ ಮೊದಲ ಹೆಸರು ಮೋಕ್ಷಾಳದಾಗಿತ್ತು, ಎರಡನೆಯದು ಅವರದು.