ನೋಡಿಲ್ಲ ಎನ್ನುವ ತಾಲೀಮು

ರಂಜನಾ ಮತ್ತು ನಾನು ಧಾರವಾಡದಲ್ಲಿ ಅಪರಾಧಶಾಸ್ತ್ರದ ಎಂ.ಎ. ಮಾಡಿದವರು. ಹಾಸ್ಟೆಲ್ಲಿನಲ್ಲಿ ಇಬ್ಬರದೂ ಒಂದೇ ಖೋಲಿ. ಏನು ಓದುತ್ತೀರಿ ಎಂದು ಊರಲ್ಲಿ ಯಾರಾದರೂ ಕೇಳಿ, ಉತ್ತರ ಕೇಳಿಸಿಕೊಂಡ ಮೇಲೆ, "ಕಳವು ಮಾಡೂದ ಕಲಸ್ತಾರೇನವಾ ಅಲ್ಲಿ?" ಎನ್ನುತ್ತಿದ್ದರು. ಮೊದಮೊದಲು ನಗುತ್ತಿದ್ದೆವು. ಆಮೇಲೆ ನಾನು, "ಹೌದ್ರಿ, ಪ್ರ್ಯಾಕ್ಟಿಕಲ್ಲೂ ಇರತೈತಿ, ನಿಮ್ಮ ಮನಿಗೇ ಬರತೇವಿ" ಎನ್ನಲು ಕಲಿತೆ. ಈಗ ನಾನು ಬೈಲಹೊಂಗಲದಲ್ಲಿ ಭಾವನ ಅಂಗಡಿಯಲ್ಲಿ ಸಿಸಿಟಿವಿ ಕ್ಯಾಮೆರಾ ಮಾರುತ್ತೇನೆ. ಓದಿಗೂ ಕೆಲಸಕ್ಕೂ ಸಂಬಂಧವಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ರಂಜನಾ ನನ್ನ ಹಾಗಲ್ಲ. ಅವಳಿಗೆ ಪಿಎಸ್‌ಐ ಆಗಬೇಕಿತ್ತು, ಬೇರೆ ಯಾವುದೂ ಬೇಡವಾಗಿತ್ತು. ಬೆಳಿಗ್ಗೆ ನಾನು ಮುಸುಕು ಹೊದ್ದು ಮಲಗಿರುವಾಗ ಅವಳು ಮೈದಾನ ಸುತ್ತಿ ಬಂದು, ಬೆವರು ಒರೆಸಿಕೊಳ್ಳದೆ ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನನ್ನ ನಿದ್ದೆ ಕೆಡುತ್ತಿತ್ತು, ಸಿಟ್ಟು ಬರುತ್ತಿತ್ತು. ಯಾಕಿಷ್ಟು ಹಟ ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ಮ ಓಣಿ ಮಂದಿ ಠಾಣೆಗೆ ಹೋದ್ರ ಹೊರಗ ನಿಂದ್ರತಾರ. ನಾ ಒಳಗ ಕುರ್ಚಿ ಮ್ಯಾಲ ಕುಂತಿದ್ರ ಅವರೂ ಒಳಗ ಬರತಾರ" ಎಂದಳು. ಅವಳ ಆಸೆ ಅಷ್ಟೇ ಇತ್ತು.

ಅವಳ ಊರು ಯರಗಟ್ಟಿಯಿಂದ ಸ್ವಲ್ಪ ಒಳಗೆ. ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ಮೇಲೂ ಒಂದು ಕೇಸು ಬೀಳಬಹುದು. ಮನೆಯಲ್ಲಿ ತಾಯಿ ಗಂಗೂಬಾಯಿ, ಅಣ್ಣ ಮಿಲಿಂದ. ತಂದೆ ಇಲ್ಲ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಕೆಳಗೆ ರಂಜನಾ ಪದವಿ ತೆಗೆದುಕೊಳ್ಳುವ ಫೋಟೊ. ಮಿಲಿಂದ ಯರಗಟ್ಟಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟ ಪಂಪಿನ ಮೋಟರು ಬಿಚ್ಚಿ, ಹೊಸ ತಾಮ್ರದ ತಂತಿಯನ್ನು ಸುತ್ತು ತಪ್ಪದಂತೆ ಬೆರಳಿನಿಂದಲೇ ಕೂರಿಸುವ ಕೆಲಸ. ತಂಗಿಯ ಓದು ನಡೆದದ್ದು ಆ ಬೆರಳುಗಳ ಮೇಲೆ.

ನಾವು ಕಡೆಯ ವರ್ಷದಲ್ಲಿದ್ದಾಗ ಅವಳ ಊರಿನ ಕುಡಿಯುವ ನೀರಿನ ಘಟಕದಲ್ಲಿ ಜಗಳವಾಯಿತು. ಮಿಲಿಂದನ ಕ್ಯಾನು ನಳದ ಕೆಳಗಿತ್ತು. ಊರಲ್ಲಿ ಯಾರೂ ಎದುರಾಡದ ನಿಜಗುಣಪ್ಪ ಟ್ರ್ಯಾಕ್ಟರಿನಿಂದಿಳಿದು ಬಂದು ಅದನ್ನು ಕಾಲಿನಿಂದ ಒದ್ದು ತನ್ನ ಕ್ಯಾನು ಇಟ್ಟ. ಯಾಕೆಂದು ಮಿಲಿಂದ ಕೇಳಿದ. ಕೇಳಿದ್ದೇ ತಪ್ಪಾಯಿತು. ನಿಜಗುಣಪ್ಪ ಜಾತಿ ಹಿಡಿದು ಬೈದ, ಟ್ರ್ಯಾಕ್ಟರಿನಲ್ಲಿದ್ದ ಹಾರೆ ತಂದು ಹೊಡೆದ. ಮಿಲಿಂದ ಕೈ ಅಡ್ಡ ಹಿಡಿದದ್ದರಿಂದ ತಲೆ ಉಳಿಯಿತು, ಬಲಗೈಯ ಬೆರಳು ಉಳಿಯಲಿಲ್ಲ. ಗಂಗೂಬಾಯಿ ಅಲ್ಲೇ ಕೊಡ ಹಿಡಿದು ನಿಂತಿದ್ದರು. ಎಲ್ಲವನ್ನೂ ಕಣ್ಣಾರೆ ಕಂಡರು.

ಸುದ್ದಿ ಬಂದಾಗ ರಂಜನಾ ಲೈಬ್ರರಿಯಲ್ಲಿ ನನ್ನ ಎದುರಿಗೆ ಕೂತು ಟಿಪ್ಪಣಿ ಬರೆಯುತ್ತಿದ್ದಳು. ಹಾಗೆಯೇ ಎದ್ದು ಸಿಕ್ಕ ಬಸ್ಸು ಹತ್ತಿದಳು. ದೂರನ್ನು ತಾನೇ ಬರೆದಳು, ಒಂದು ಕಲಮು ಬಿಡದೆ. ಠಾಣೆಯವರು ಓದಿ, ತಕರಾರು ತೆಗೆಯಲು ಏನೂ ಸಿಗದೆ ದಾಖಲಿಸಿಕೊಂಡರು. ಅವಳು ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ನಾನು ಮೆಸ್ಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಓದು ಒಮ್ಮೆಯಾದರೂ ಕೆಲಸಕ್ಕೆ ಬಂತಲ್ಲ ಎಂಬ ಖುಷಿ.

ನಮ್ಮ ಕಡೆ ಒಂದು ರೂಢಿ ಇದೆ. ಒಂದು ದೂರು ಬಿತ್ತೆಂದರೆ ಅದರ ಬೆನ್ನಿಗೇ ಪ್ರತಿದೂರು ಬೀಳಬೇಕು. ಅದರಲ್ಲಿ ಹೆಸರುಗಳನ್ನು ಸುಮ್ಮನೆ ಬರೆಸುವುದಿಲ್ಲ, ಆರಿಸಿ ಬರೆಸುತ್ತಾರೆ. ಹೊಡೆತ ತಿಂದವನ ಮನೆಯಲ್ಲಿ ಓದುತ್ತಿರುವವರು ಯಾರು, ನೌಕರಿಯ ಹತ್ತಿರ ಬಂದವರು ಯಾರು ಎಂದು ನೋಡಿ ಅವರನ್ನೇ ಮುಂದೆ ನಿಲ್ಲಿಸುತ್ತಾರೆ. ನಿಜಗುಣಪ್ಪನ ದೂರಿನ ಪ್ರಕಾರ ಕಲ್ಲಿನಿಂದ ಹೊಡೆದು ಜೀವಬೆದರಿಕೆ ಹಾಕಿದ ಮೊದಲನೇ ಆರೋಪಿ ರಂಜನಾ. ಧಾರವಾಡದ ಲೈಬ್ರರಿಯಲ್ಲಿ ಕೂತು ಊರಿನವರಿಗೆ ಕಲ್ಲು ಒಗೆಯಲು ಅವಳಿಗೆ ಭಾರಿ ಉದ್ದದ ಕೈ ಬೇಕಿತ್ತು. ಆದರೂ ದೋಷಾರೋಪ ಪಟ್ಟಿಯಲ್ಲಿ ಅವಳ ಹೆಸರು ಹಾಗೇ ಉಳಿಯಿತು.

ಎರಡೂ ಕೇಸು ತಾರೀಖಿನಿಂದ ತಾರೀಖಿಗೆ ಹೋಗುತ್ತಲೇ ಇದ್ದವು. ನಾವು ಪಾಸಾದೆವು. ಪಿಎಸ್‌ಐ ನೇಮಕಾತಿಗೆ ಕರೆದದ್ದು ಎಷ್ಟೋ ವರ್ಷ ತಡವಾಗಿ. ರಂಜನಾ ಪಿಎಸ್‌ಐ ಪರೀಕ್ಷೆ ಬರೆದಳು, ಓಡಿದಳು, ಜಿಗಿದಳು, ಗುಂಡು ಎಸೆದಳು. ಆಯ್ಕೆಪಟ್ಟಿಯಲ್ಲಿ ಹೆಸರು ಬಂತು. ವಯಸ್ಸಿನ ಮಿತಿಯ ಪ್ರಕಾರ ಅದು ಅವಳ ಕಡೆಯ ಅವಕಾಶವಾಗಿತ್ತು. ಇನ್ನು ಉಳಿದದ್ದು ಪೂರ್ವಾಪರ ಪರಿಶೀಲನೆ. ಕೇಸು ಬಾಕಿ ಇದ್ದವರನ್ನು ಪೊಲೀಸ್ ಇಲಾಖೆ ತೆಗೆದುಕೊಳ್ಳುವುದಿಲ್ಲ.

ಆಗ ನಿಜಗುಣಪ್ಪ ರಾಜಿಗೆ ಹೇಳಿಕಳಿಸಿದ. ಸವದತ್ತಿಯಲ್ಲಿ ರಂಜನಾಳ ಪರ ವಕೀಲ ವಿರೂಪಾಕ್ಷ ಅವರು ತಮ್ಮ ಆಫೀಸಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ವಿವರಿಸಿದರು. ಜಾತಿ ದೌರ್ಜನ್ಯದ ಕೇಸನ್ನು ಕಾಗದದ ಮೇಲೆ ರಾಜಿ ಮಾಡಲು ಬರುವುದಿಲ್ಲ. "ನಿಮ್ಮವರು ಕಟಕಟಿಯೊಳಗ ನಿಂತು ನೋಡಿಲ್ಲ ಅನ್ರಿ. ಅವರ ಮಂದೀನೂ ನೋಡಿಲ್ಲ ಅಂತಾರ. ಎರಡೂ ಕೇಸ್ ಖುಲಾಸೆ ಆಗತಾವ."

"ರಂಜನಾ ಅವತ್ತ ಧಾರವಾಡದಾಗ ಇದ್ಲು ಅಂತ ನಾ ಸಾಕ್ಷಿ ಹೇಳತೇನ್ರಿ," ಎಂದೆ ನಾನು.

"ಹೇಳ್ರಿ, ಬ್ಯಾಡನ್ನಂಗಿಲ್ಲ. ನಿಮ್ಮ ಪಾಳಿ ಬರೂದರಾಗ ಇವರ ನೌಕರಿ ಮತ್ತೊಬ್ಬರಿಗೆ ಹೋಗಿರತೈತಿ."

ಮಿಲಿಂದ ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತಿದ್ದ. "ನನ್ನ ಕೈಬಳ್ಳು ಹೆಂಗೂ ತಿರುಗಿ ಬರಂಗಿಲ್ಲ. ಆಕಿದರ ಆಗಲಿ," ಎಂದ. ರಂಜನಾ ಅವನ ಕಡೆ ನೋಡಲಿಲ್ಲ. ಕೊನೆಗೆ ಹೂಂ ಎಂದದ್ದು ಅವಳೇ.

ಮಿಲಿಂದನಿಗೆ ಕಲಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗಂಗೂಬಾಯಿಯವರಿಗೆ ಕಲಿಸುವುದು. ಆ ಭಾನುವಾರ ನಾನೂ ಅವರ ಮನೆಗೆ ಹೋಗಿದ್ದೆ. ತಾಯಿಯನ್ನು ಪಡಸಾಲೆಯ ನಡುವೆ ನಿಲ್ಲಿಸಿ ರಂಜನಾ ಸರ್ಕಾರಿ ವಕೀಲಳಾದಳು. ತಿರುಗಿಬಿದ್ದ ಸಾಕ್ಷಿಯ ಬಾಯಿಂದ ನಿಜ ಹೊರಡಿಸುವುದು ಹೇಗೆಂದು ನಾವು ಇಡೀ ಒಂದು ಸೆಮಿಸ್ಟರ್ ಓದಿದ್ದೆವು. ಅವಳು ಅದನ್ನೇ ಉಲ್ಟಾ ಮಾಡಿ ಕಲಿಸತೊಡಗಿದಳು.

"ಮಿಲಿಂದನ್ನ ಯಾರು ಹೊಡದ್ರು?"

"ನಿಜಗುಣಪ್ಪ. ಹಾರಿ ತಗೊಂಡು."

"ಯವ್ವಾ, ನೋಡಿಲ್ಲ ಅನ್ನು."

"ನೋಡೇನಲ್ಲವಾ."

"ನೀರ ತುಂಬೂದರಾಗ ಇದ್ದೆ, ನೋಡಿಲ್ರಿ ಅನ್ನು. ಕೈಗೆ ಏನಾತು ಅಂದ್ರ ಮೋಟರ್ ಬೆಲ್ಟಿನ್ಯಾಗ ಸಿಕ್ಕಿತ್ರಿ ಅನ್ನು."

"ಇದನ್ನ ಕಲ್ಯಾಕ ಧಾರವಾಡಕ್ಕ ಹೋಗಿದ್ದೇನು ನೀ?"

ರಂಜನಾ ಮತ್ತೆ ಮೊದಲಿನಿಂದ ಕೇಳಿದಳು. ಪ್ರತಿ ಸಲವೂ ಗಂಗೂಬಾಯಿಯವರ ಕಣ್ಣು ಮಗನ ಕೈಯ ಮೇಲೆ ಹೋಗುತ್ತಿತ್ತು, ಬಾಯಿಗೆ ಖರೇ ಮಾತೇ ಬರುತ್ತಿತ್ತು. ಕೊನೆಗೆ ಅವಳು ಅಣ್ಣನನ್ನು ಎಬ್ಬಿಸಿ ಹೊರಗೆ ಕಳಿಸಿದಳು. "ಕೋರ್ಟಿನ್ಯಾಗೂ ನೆಲಾ ನೋಡಕೋತ ಹೇಳು. ಅಣ್ಣನ ಕಡೆ ನೋಡಬ್ಯಾಡ," ಎಂದಳು. ನೆಲ ನೋಡಿದ ಮೇಲೆ ಗಂಗೂಬಾಯಿಯವರಿಗೆ ಸುಳ್ಳು ಬಂತು. ನನಗೆ ಅಲ್ಲಿ ಕೂರಲಾಗಲಿಲ್ಲ. ಚಹಾ ಮಾಡುವ ನೆಪ ಹೇಳಿ ಒಳಗೆ ಹೋದೆ.

ಕೋರ್ಟಿನಲ್ಲಿ ಅವರು ಒಂದಕ್ಷರ ತಪ್ಪಲಿಲ್ಲ. ಸರ್ಕಾರಿ ವಕೀಲರು ಗದರಿಸಿದರು, ಆರೋಪಿಯ ಜೊತೆ ಶಾಮೀಲಾಗಿದ್ದೀರಿ ಎಂದರು. ಗಂಗೂಬಾಯಿ ನೆಲ ನೋಡುತ್ತ, "ನೋಡಿಲ್ರಿ ಸಾಹೇಬ್ರ," ಎಂದರು. ನಿಜಗುಣಪ್ಪನ ಕಡೆಯವರೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ತೀರ್ಪು ಬಂದ ದಿನ ಅವನು ಹೊರಗಿನ ಹೋಟೆಲ್ಲಿನಲ್ಲಿ ಎಲ್ಲರಿಗೂ ಚಹಾ ಹೇಳಿ, "ನಮ್ಮೂರ ಪಿಎಸ್‌ಐ ಮೇಡಮ್ನೋರು ಮೊದಲ ತಗೋರಿ," ಎಂದು ಕಪ್ಪನ್ನು ರಂಜನಾಳ ಮುಂದೆ ಸರಿಸಿದ. ಅವಳು ಕುಡಿದಳು. ನಾನು ಕುಡಿಯಲಿಲ್ಲ. ಕುಡಿಯದೆ ನಾನು ಸಾಧಿಸಿದ್ದೂ ಏನಿಲ್ಲ.

ಪರಿಶೀಲನೆಗೆ ಕರೆದ ಅಧಿಕಾರಿ ಒಳ್ಳೆಯ ಮನುಷ್ಯ. ಅವಳನ್ನು ಕೂರಿಸಿಯೇ ಹೇಳಿದರು. "ಬಿಡುಗಡೆ ಆಗೀರಿ, ಖರೆ. ಆದ್ರ ಸಾಕ್ಷಿಗಳು ತಿರುಗಿಬಿದ್ದದ್ದಕ್ಕ ಆದ ಬಿಡುಗಡೆ ಇದು. ನೀವು ತಪ್ಪು ಮಾಡಿಲ್ಲ ಅಂತ ಕೋರ್ಟ್ ಹೇಳಿಲ್ಲ, ಸಾಬೀತಾಗಿಲ್ಲ ಅಂತ ಅಷ್ಟ ಹೇಳೈತಿ. ಬ್ಯಾರೆ ಇಲಾಖಾ ಆಗಿದ್ರ ನೋಡಬಹುದಿತ್ತು. ಇದು ಪೊಲೀಸ್ ನೌಕರಿ." ಅವಳ ಆಯ್ಕೆ ರದ್ದಾಯಿತು.

ಅಲ್ಲಿಂದ ಹೊರಬಿದ್ದವಳೇ ನನಗೆ ಫೋನು ಮಾಡಿದಳು. ನಾನು ಗಿರಾಕಿಯೊಬ್ಬರಿಗೆ ಕ್ಯಾಮೆರಾ ತೋರಿಸುತ್ತಿದ್ದೆ.

"ದುರ್ಗಾ, ಪರೀಕ್ಷಾದಾಗ ಒಂದು ಪ್ರಶ್ನಿ ಬಂದಿತ್ತು, ನೆನಪೈತೇನ? ಸಾಕ್ಷಿ ತಿರುಗಿಬಿದ್ದು ಬಿಡುಗಡೆ ಆದ ಆರೋಪಿ ಪೊಲೀಸ್ ನೌಕರಿಗೆ ಅರ್ಹನೋ ಅಲ್ಲೋ ಅಂತ."

ನೆನಪಿತ್ತು. ಉತ್ತರ ಗೊತ್ತಿಲ್ಲದೆ ನಾನು ಅದನ್ನು ಬಿಟ್ಟಿದ್ದೆ. ಅವಳು ಪುಟಗಟ್ಟಲೆ ಬರೆದಿದ್ದಳು. ನಮ್ಮ ಸರ್ ಅದನ್ನು ತರಗತಿಯಲ್ಲಿ ಎತ್ತಿ ತೋರಿಸಿ, ಉತ್ತರ ಬರೆಯುವುದೆಂದರೆ ಹೀಗೆ ಎಂದಿದ್ದರು. ಅರ್ಹನಲ್ಲ ಎಂಬುದೇ ಅವಳ ಉತ್ತರ.

"ಮತ್ತ ಹೆಂಗ ಮರತಿ ನೀ?"

"ಮರತಿಲ್ಲ. ಆ ಆರೋಪಿ ಯಾರೋ ಬ್ಯಾರೇದವ ಅಂತ ಓದಿದ್ದೆ. ನಾ ಅಂತ ಓದಿದ್ದಿಲ್ಲ."

ನಾವೆಲ್ಲ ಹಾಗೇ ಓದಿದವರು. ಪುಸ್ತಕ ತೆರೆದರೆ ಸಾಕು, ಖಾಕಿ ತೊಟ್ಟು ಮೇಜಿನ ಈಚೆ ಕೂತಿರುತ್ತಿದ್ದೆವು. ಆಚೆ ನಿಂತವರ ಮುಖವನ್ನು ಯಾರೂ ನೋಡಲಿಲ್ಲ. ವಕೀಲರಾದರೂ ಹೇಳಬೇಕಿತ್ತು, ನಾನಾದರೂ ಆ ಪ್ರಶ್ನೆ ಓದಬೇಕಿತ್ತು ಎಂದು ಎಲ್ಲರ ಮೇಲೂ ಸಿಟ್ಟು ಬಂತು. ಗಿರಾಕಿ ಕ್ಯಾಮೆರಾ ಕೊಳ್ಳದೆ ಹೋದರು.

ಮುಂದಿನ ವಾರ ಅವರ ಮನೆಗೆ ಹೋದೆ. ಲೈಬ್ರರಿಯ ಹಾಜರಿ ತೆಗೆಸೋಣ, ಮೇಲಿನವರೆಗೂ ಹೋಗಿ ಕೇಳೋಣ ಎಂದು ದಾರಿಯುದ್ದಕ್ಕೂ ಯೋಚಿಸಿದ್ದನ್ನೆಲ್ಲ ಹೇಳಿದೆ. ರಂಜನಾ ಪೂರ್ತಿ ಕೇಳಿಸಿಕೊಂಡಳು.

"ಹೋಗಿ ಏನಂತ ಹೇಳ್ಲಿ? ನನ್ನ ಮ್ಯಾಲಿನ ಕೇಸು ಸುಳ್ಳು ಅನ್ನಾಕ, ಅದನ್ನ ಯಾಕ ಹಾಕಿದ್ರು ಅಂತ ಹೇಳಬೇಕಲ್ಲ. ಅಣ್ಣನ್ನ ಹೊಡದದ್ದು ಹೇಳಬೇಕು. ತಾ ಅದನ್ನ ನೋಡೇ ಇಲ್ಲ ಅಂತ ಅವ್ವ ಆಣಿ ಮಾಡಿ ಹೇಳ್ಯಾಳ. ನಾನ ಹೇಳಿಸೇನಿ."

ಗಂಗೂಬಾಯಿ ಬಾಗಿಲ ಹತ್ತಿರ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ಎದ್ದು ಬಂದು, ತಾಲೀಮಿನ ದಿನ ನಿಂತಿದ್ದ ಜಾಗದಲ್ಲೇ ನಿಂತರು.

"ಹಂಗಾದ್ರ ಈಗ ಖರೇ ಹೇಳತೇನಿ. ಅವತ್ತಿನಂಗ ಕೇಳು ರಂಜೂ. ಎಲ್ಲಿ ತಪ್ಪತೇನಿ ಹೇಳು, ತಿದ್ದಕೋತೇನಿ."

"ಇನ್ನ ಯಾರೂ ಕೇಳಂಗಿಲ್ಲ ಬೇ."

"ನೀ ಕೇಳು."

ರಂಜನಾ ಕೇಳಲಿಲ್ಲ. ಎದ್ದು ಒಳಗೆ ಹೋದಳು. ಗಂಗೂಬಾಯಿ ನನ್ನ ಕಡೆ ತಿರುಗಿದರು. ಈ ಸಲ ನೆಲ ನೋಡಲಿಲ್ಲ. ಕಟ್ಟೆಯ ಮೇಲೆ ಎಡಗೈಯಿಂದ ಹಳೆಯ ತಂತಿ ಬಿಡಿಸುತ್ತ ಕೂತಿದ್ದ ಮಗನನ್ನೇ ನೋಡುತ್ತ, ಕ್ಯಾನು ಎಲ್ಲಿತ್ತು, ಯಾವ ಕಾಲಿನಿಂದ ಒದ್ದ, ಏನೆಂದು ಬೈದ, ಹಾರೆ ಎಲ್ಲಿಂದ ತಂದ, ಎಲ್ಲವನ್ನೂ ಹೇಳಿದರು. ಎಲ್ಲೂ ತಡವರಿಸಲಿಲ್ಲ. ಮಿಲಿಂದ ತಲೆ ಎತ್ತಲಿಲ್ಲ.

ಹೇಳಿ ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಬರೋಬ್ಬರಿ ಹೇಳಿದ್ನೇನವಾ ದುರ್ಗಾ?"

"ಬರೋಬ್ಬರಿ ಐತ್ರಿ ಅವ್ವಾರ," ಎಂದೆ.