ಒಂಬತ್ತರಲ್ಲಿ ಏಳು

೧೯೬೧ರ ಜುಲೈ ೯, ಭಾನುವಾರ. ಅಲಿಕ್ ರೆನಿಯ ಡಬ್ಬಿಯಲ್ಲಿ ಏಳು ಬೆಂಕಿಕಡ್ಡಿಗಳಿದ್ದವು. ಒಂಬತ್ತಿರಬೇಕಿತ್ತು.

ಹಾಸ್ಟ್ ನದಿಯ ಮೇಲಿನ ಕಣಿವೆಯಲ್ಲಿ ಕಾಡನ್ನು ಮೇಯ್ದು ಬರಿದು ಮಾಡುತ್ತಿದ್ದ ಜಿಂಕೆಗಳನ್ನು ಸರ್ಕಾರಕ್ಕಾಗಿ ಹೊಡೆಯುತ್ತಿದ್ದವರು ನಾವು ಮೂವರು, ಮುಖಂಡ ನಾನು. ಪ್ರತಿಯೊಬ್ಬನ ಸೊಂಟದಲ್ಲೂ ಒಂದು ತಗಡಿನ ಡಬ್ಬಿ. ಅದರಲ್ಲಿ ಮೇಣದಲ್ಲಿ ಅದ್ದಿದ ಒಂಬತ್ತು ಕಡ್ಡಿ, ಒದ್ದೆ ಕಟ್ಟಿಗೆಗೂ ಬೆಂಕಿ ಹಿಡಿಸುವ ಸೈಕಲ್ ಟ್ಯೂಬಿನ ಗೇಣುದ್ದದ ಪಟ್ಟಿ, ಚೂರಿಯ ಬೆನ್ನಿನಿಂದ ಗೀರಿದರೆ ಕಿಡಿ ಉದುರಿಸುವ ಸಲಾಕೆ. ಪ್ರಾಣದ ಮೇಲೆ ಬಂದಾಗಲ್ಲದೆ ಅದನ್ನು ತೆರೆಯುವಂತಿಲ್ಲ. ದಿನಬಳಕೆಯ ಬೆಂಕಿಪೊಟ್ಟಣ ಗುಡಿಸಲಿನ ಒಲೆಯ ಬಳಿಯೇ ಇರತಕ್ಕದ್ದು. ಬೆಟ್ಟದಲ್ಲಿ ಒಬ್ಬನು ಸಿಗರೇಟು ಹಚ್ಚಿದರೂ ಆ ದಿನ ಜಿಂಕೆ ಹತ್ತಿರ ಸುಳಿಯುವುದಿಲ್ಲ. ಭಾನುವಾರ ಡಬ್ಬಿಗಳನ್ನು ಎಣಿಸುವುದು ನಾನು ಮಾಡಿದ ನಿಯಮ.

"ಇನ್ನೆರಡು ಎಲ್ಲಿ?" ಎಂದೆ.

"ಖರ್ಚಾಯ್ತು ಬಾಸ್."

"ಯಾತಕ್ಕೆ?"

ರೆನಿ ತನ್ನ ಬೂಟುಗಳನ್ನು ನೋಡಿಕೊಂಡ. ಬಂದೂಕು ಒರೆಸುತ್ತಿದ್ದ ಮೂರನೆಯವನು, ಹೊಹೆಪಾ, ಕೈ ನಿಲ್ಲಿಸಿದ.

"ಸೇದ್ದೆ ಅಂತ ಬರ್ಕೊಳ್ಳಿ."

"ಹಾಗಾದ್ರೆ ಮುಂದಿನ ಭಾನುವಾರದವರೆಗೆ ನಿಂಗೆ ಕಡ್ಡಿ ಇಲ್ಲ. ಕಿಡಿ ಹೊಡ್ಕೊಂಡು ಬದುಕು."

"ಈ ಮಳೇಲಿ ಕಿಡಿ ಹಿಡಿಯೋಕೆ ಒಣಗಿರೋದು ಏನಿದೆ ಬಾಸ್? ನಿಮ್ಮ ಗಡ್ಡ ಕೊಡಿ, ಅದೊಂದೇ ಇರೋದು."

ಹೊಹೆಪಾ ನಕ್ಕುಬಿಟ್ಟ. ನಾನು ಏಳನ್ನೂ ನನ್ನ ಜೇಬಿಗೆ ಹಾಕಿಕೊಂಡೆ. ಆ ನಗು ಇರದಿದ್ದರೆ ಬಹುಶಃ ಮೂರನ್ನಾದರೂ ಬಿಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ನಾವು ಹೊಳೆ ದಾಟಿಸಿದ ಮೇಲೆ ರೆನಿ ಎರಡು ದಿನದ ರೊಟ್ಟಿ ಕಟ್ಟಿಕೊಂಡು ಒಬ್ಬನೇ ಕಣಿವೆಯ ತಲೆಭಾಗಕ್ಕೆ ಹೋದ. ಜುಲೈ ನಮ್ಮಲ್ಲಿ ನಡುಚಳಿಗಾಲ; ಮಧ್ಯಾಹ್ನ ಧ್ರುವದ ಕಡೆಯಿಂದ ದಕ್ಷಿಣದ ಗಾಳಿ ಎದ್ದಿತು, ಮಳೆ ಹಿಮವಾಯಿತು. ತುಂಬಿದ್ದ ಹೊಳೆ ಇಳಿದು, ಅವನನ್ನು ಹುಡುಕಲು ಹೊರೆಕುದುರೆಯೊಂದಿಗೆ ನಾವು ದಾಟಿದ್ದು ಶುಕ್ರವಾರ.

ಅವನು ಚಾಚುಬಂಡೆಯ ಕೆಳಗೆ ಮಂಡಿಯೂರಿ ಕುಳಿತಿದ್ದ. ನೀರಿಗೆ ಬಿದ್ದು ಎದ್ದವನೆಂದು ಬಟ್ಟೆಯೇ ಹೇಳುತ್ತಿತ್ತು. ಎದೆಯವರೆಗೆ ಹೆಪ್ಪುಗಟ್ಟಿ ತಗಡಿನಂತಾಗಿತ್ತು. ಅವನ ಮುಂದೆ, ಇಷ್ಟು ವರ್ಷಗಳಲ್ಲಿ ನಾನು ಕಂಡ ಅತ್ಯುತ್ತಮ ಜೋಡಣೆ: ಒಣಗಿನಿಂತ ಬೀಚ್ ಮರದ ಕೊಂಬೆ ಸೀಳಿ, ಒಳತಿರುಳನ್ನು ಸುರುಳಿ ಸುರುಳಿಯಾಗಿ ಹೆರೆದು, ಸಣ್ಣದರ ಮೇಲೆ ದಪ್ಪನೆಯದು, ನಡುವೆ ಟ್ಯೂಬಿನ ಪಟ್ಟಿ. ಹೆರೆದ ಸುರುಳಿಗಳಿಗೂ ಹಿಮದ ತೇವ ತಗಲಿತ್ತು. ಸಲಾಕೆ ಅರ್ಧಕ್ಕರ್ಧ ಸವೆದಿತ್ತು. ಹೆಬ್ಬೆರಳಿನ ಮಾಂಸ ಕಿತ್ತು ಬಂದಿತ್ತು.

ಕಿಡಿಗೆ ರಬ್ಬರು ಹೊತ್ತಿಕೊಳ್ಳುವುದಿಲ್ಲ. ಅದಕ್ಕೆ ಜ್ವಾಲೆಯೇ ಬೇಕು. ಒಂದೇ ಒಂದು ಕಡ್ಡಿಯ ಜ್ವಾಲೆ ಸಾಕು. ಇದು ನನಗೆ ಭಾನುವಾರವೇ ಗೊತ್ತಿತ್ತು.

ಮಂಡಿಯೂರಿದ ಹೆಣವನ್ನು ಕುದುರೆಯ ಮೇಲೆ ಕಟ್ಟಲಾಗದು. ಕೈಕಾಲು ಸಡಿಲಾಗಲು ಶಾಖ ಬೇಕಿತ್ತು. ಜೇಬಿನಿಂದ ಅವನ ಏಳರಲ್ಲಿ ಒಂದನ್ನು ತೆಗೆದು ಗೀರಿದೆ. ರಬ್ಬರು ಕಪ್ಪು ಹೊಗೆ ಉಗುಳಿ ಹೊತ್ತಿತು. ರೆನಿಯ ಬೆಂಕಿ ಮೊದಲ ಸಲಕ್ಕೇ ಎದ್ದಿತು.

ಹೊಹೆಪಾ ಕೈ ಕಾಯಿಸಿಕೊಳ್ಳಲಿಲ್ಲ.

"ಆ ಎರಡು ಕಡ್ಡಿ ಅವ್ನು ಸೇದಿದ್ದಲ್ಲ," ಎಂದ. "ನೀವು ಎಣಿಸೋಕೆ ಮುಂಚಿನ ವಾರ ನಾನು ಒಬ್ಬನೇ ಹೊಳೆ ದಾಟೋಕೆ ಹೋಗಿ ಬಿದ್ದಿದ್ದೆ. ಮೈ ಮರಗಟ್ಟಿತ್ತು. ಅವ್ನೇ ಬೆಂಕಿ ಹಾಕಿ ಉಳಿಸ್ದ. ಒಬ್ಬನೇ ದಾಟಿದೋರನ್ನ ನೀವು ಕೆಲಸದಿಂದ ತೆಗೀತೀರಲ್ಲ, ಬಾಸ್. ನಂಗೆ ಮೂರು ಮಕ್ಕಳು. ಅದಕ್ಕೇ ಅವ್ನು ಬಾಯಿ ಬಿಡಲಿಲ್ಲ."

"ನೀನಾದ್ರೂ ಹೇಳ್ಬೋದಿತ್ತಲ್ಲ."

"ಹೇಳ್ಬೋದಿತ್ತು. ನಕ್ಕೆ."

ಹೊಕಿಟಿಕಾದಲ್ಲಿದ್ದ ರೆನಿಯ ಅಕ್ಕನಿಗೆ ಡಬ್ಬಿಯನ್ನು ಕಳುಹಿಸಬೇಕಿತ್ತು. ಅವನ ಆರು ಕಡ್ಡಿಗಳ ಜೊತೆ ನನ್ನ ಡಬ್ಬಿಯಿಂದ ಮೂರನ್ನು ಸೇರಿಸಿ ಒಂಬತ್ತು ಮಾಡಿ, ಮುಚ್ಚಳಕ್ಕೆ ಮೇಣ ಹಾಕಿದೆ.

ಭಾನುವಾರ ನನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎಣಿಸೆಂದು ಹೊಹೆಪಾನಿಗೆ ಹೇಳಿದೆ.

"ಆರು," ಎಂದ.

"ನಿಯಮ ಗೊತ್ತಲ್ಲ. ಆರನ್ನೂ ತಗೊ."

ಅವನು ಮುಚ್ಚಳ ಒತ್ತಿ ಡಬ್ಬಿಯನ್ನು ನನ್ನ ಕಡೆಗೇ ನೂಕಿದ.

"ಇಲ್ಲ ಬಾಸ್. ತಗೊಂಡ್ರೆ ನಿಮ್ಮ ಮೇಲಿರೋ ರೆನಿ ಋಣ ತೀರಿಹೋಗತ್ತೆ."

ಡಬ್ಬಿಯಲ್ಲಿ ಈಗಲೂ ಆರೇ ಇವೆ.