ಕಟ್ಟಿಟ್ಟ ವೈರು

ಆಟ ಶುರುವಾಗಿ ಎರಡು ನಿಮಿಷಕ್ಕೆ ಕಂಪ್ಯೂಟರಿನ ಪರದೆ ಮತ್ತೆ ಕಪ್ಪಾಯಿತು. ವೀರೇಶ ಕುರ್ಚಿ ಹಿಂದಕ್ಕೆ ದಬ್ಬಿ ಎದ್ದ. ಕಿಟಕಿಯವರೆಗೆ ಹೋಗಿ, ಅಂಗಳದಲ್ಲಿ ಹರವಿದ್ದ ಭತ್ತ ನೋಡಿ, ತಿರುಗಿ ಬಂದು ಕೂತ. ಬೆಳಗಿನಿಂದ ಇದು ಆರನೇ ಸಲ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ನಾಲ್ಕು ದಿನವಾಗಿತ್ತು. ಹೊಸಪೇಟೆಯ ಅಂಗಡಿಯವನು ಕಾರ್ಡ್ ಸರಿಯಿದೆಯೆಂದು ತೋರಿಸಿ, "ಪೆಟ್ಟಿಗಿ ಹಳೇದಾತ್ರಿ, ಪೂರ್ತಿ ಹೊಸಾದು ತಗೊಂಡ್ಬಿಡ್ರಿ" ಎಂದಿದ್ದ.

ವೀರೇಶನಿಗೆ ಮನಸ್ಸಾಗಲಿಲ್ಲ. ಎಂಟು ವರ್ಷದ ಹಿಂದೆ ಅದನ್ನು ಜೋಡಿಸಿದವಳು ಅಕ್ಕ ಗಂಗಾಂಬಿಕಾ. "ಈಗ ದೊಡ್ಡ ಪೆಟ್ಟಿಗಿ ತಗೊಂಡು, ಒಳಗಿಂದು ಒಂದೊಂದ ಬದಲಿಸ್ಕೋತ ಹೋದ್ರ ಹತ್ತು ವರ್ಷ ಬರ್ತೈತಿ" ಎಂದು ಅಪ್ಪನನ್ನು ಒಪ್ಪಿಸಿದವಳೂ ಅವಳೇ. ನಾಲ್ಕು ವರ್ಷದ ಹಿಂದೆ ಅವಳು ಚೋರನೂರಿನ ಹಂಪೇಶನನ್ನು ರಿಜಿಸ್ಟರ್ ಮದುವೆಯಾದಳು. ಬೇರೆ ಜಾತಿ. ಅಂದಿನಿಂದ ಕಂಪ್ಲಿಯ ಈ ಮನೆಯಲ್ಲಿ ಅಪ್ಪ ಕೊಟ್ರಯ್ಯನೆದುರು ಅವಳ ಹೆಸರೆತ್ತುವಂತಿರಲಿಲ್ಲ. ವೀರೇಶ ಒಂದು ಫೋನೂ ಮಾಡಿರಲಿಲ್ಲ.

ಕೊಟ್ರಯ್ಯ ರೈಸ್ ಮಿಲ್ಲಿನಿಂದ ಊಟಕ್ಕೆ ಬಂದು ಪಡಸಾಲೆಯಲ್ಲಿ ಕಾಲು ತೊಳೆಯುತ್ತಿದ್ದ. ಏಳನೇ ಸಲ ಪರದೆ ಕಪ್ಪಾಯಿತು. ವೀರೇಶ ಅಕ್ಕನ ನಂಬರು ಹುಡುಕಿ, ಬಿಟ್ಟು, ಮತ್ತೆ ಹುಡುಕಿ ಒತ್ತಿದ.

"ಅಕ್ಕಾ... ನಾನು."

"ಅಪ್ಪಗ ಏನರ ಆತೇನಲೇ?"

"ಏನಿಲ್ಲ, ಅರಾಮ್ ಅದಾನ. ಕಂಪ್ಯೂಟರ್... ಆಟ ಹಚ್ಚಿದ್ರ ಆಫ್ ಆಗಾಕತ್ತೈತಿ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ದನಿಗೆ ಹಳೆಯ ಅವಸರ ಬಂತು. "ಕಾರ್ಡಿಗೆ ಎಷ್ಟು ವೈರ್ ಹಾಕೀ?"

"ಒಂದ. ತುದಿಗೆ ಎರಡು ಬಾಯಿ ಅದಾವಲ್ಲ, ಎರಡೂ ಚುಚ್ಚೀನಿ."

"ಅದ ತಪ್ಪು. ಒಂದ ವೈರು ಅಷ್ಟು ಲೋಡ್ ತಡಿಯಂಗಿಲ್ಲ. ಪ್ಲಗ್ ಕಿತ್ತು ಪೆಟ್ಟಿಗಿ ಹಿಂದಿನ ಬಾಗಿಲು ತಗಿ. ಮುಂದ ದೊಡ್ಡ ಕಾರ್ಡ್ ತರ್ತಿ ಅಂತ ಇನ್ನೊಂದು ವೈರು ಕಟ್ಟಿಟ್ಟೀನಿ."

ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಅವನು ಸ್ಕ್ರೂ ಬಿಚ್ಚಿದ. ಒಳಗೆ ಕತ್ತಲೆ, ಧೂಳು. ಬೆನ್ನ ಹಿಂದೆ ಒದ್ದೆ ಹೆಜ್ಜೆಯ ಸದ್ದಾಯಿತು. ವೀರೇಶನ ಕೈ ನಿಂತಿತು. ಕೊಟ್ರಯ್ಯ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಹತ್ತಿರ ಬಂದು ಮಿಲ್ಲಿನ ಬೆಲ್ಟು ನೋಡಲು ಜೇಬಿನಲ್ಲಿಟ್ಟುಕೊಳ್ಳುವ ಟಾರ್ಚು ತೆಗೆದು ಹಚ್ಚಿದ.

"ಸಿಕ್ತೇನಲೇ?" ಅಕ್ಕ ಕೇಳಿದಳು.

"ಕೆಳಗ," ಎಂದ ಕೊಟ್ರಯ್ಯ. "ಕೆಂಪು ದಾರ ಕಟ್ಟೈತಿ, ಕಾಣವಲ್ದೇನು?"



ವೀರೇಶ ದಾರ ಹರಿದು ವೈರು ಎಳೆದು ಕಾರ್ಡಿಗೆ ಕೂಡಿಸಿದ. ಪ್ಲಗ್ ಹಾಕಿ ಆಟ ಹಚ್ಚಿದ. ಎರಡು ನಿಮಿಷ ದಾಟಿತು, ಐದು, ಹತ್ತು.  ಫೋನು ಕಟ್ ಆಗಲಿಲ್ಲ.

"ಇನ್ನೆಷ್ಟು ವರ್ಷ ಬರ್ತೈತಂತ ಕೇಳು ಅಕಿನ್ನ," ಎಂದ ಕೊಟ್ರಯ್ಯ ಗೋಡೆ ನೋಡುತ್ತ.

"ಬರ್ತೈತಪ್ಪಾ," ಎಂದಿತು ನೆಲದ ಮೇಲಿನ ಫೋನು, ಮೆಲ್ಲಗೆ. "ಭಾಳ ವರ್ಷ ಬರ್ತೈತಿ."

ಕೊಟ್ರಯ್ಯ ಊಟಕ್ಕೆ ಹೋಗಲಿಲ್ಲ. ಮೊಣಕಾಲು ಹಿಡಿದು ಫೋನಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಫೋನಿನ ಆ ಕಡೆ, ಮಗಳ ಮನೆಯಲ್ಲಿ, ಕುಕ್ಕರು ಸೀಟಿ ಹಾಕಿತು. ಯಾರೋ ಪಾತ್ರೆ ಸರಿಸಿದರು. ಅವನು ತಲೆ ಓರೆ ಮಾಡಿ ಅದನ್ನೇ ಕೇಳುತ್ತಿದ್ದ.